ಹಲ್ಲಕ್ಕನ ಸೈನ್ಯ

ನನ್ನ ಅತ್ತಿಗೆಗೆ ಯಾರನ್ನಾದರೂ ಪರಿಚಯ ಮಾಡಿಸಿದರೆ ಅವರು ಮೊದಲು ನೋಡುವುದು ಕಣ್ಣನ್ನಲ್ಲ, ಬಾಯನ್ನು. ಎದುರಿಗಿದ್ದವರು ನಕ್ಕರಂತೂ ಮುಗಿಯಿತು; ಯಾವ ಕಡೆಯಿಂದ ಅಗಿಯುತ್ತಾರೆ, ರಾತ್ರಿ ಹಲ್ಲು ಕಡಿಯುತ್ತಾರೋ ಇಲ್ಲವೋ, ಎಲ್ಲ ತಿಳಿದುಬಿಡುತ್ತದೆ. ಹಲ್ಲಿನ ಸೆಟ್ಟು ತಯಾರಿಸುವ ಒಂದು ಸಣ್ಣ ಲ್ಯಾಬಿನಲ್ಲಿ ಅವರ ಕೆಲಸ. ಕಿಟಕಿ ಪಕ್ಕದ ಮೇಜು, ಮೇಣ ಕರಗಿಸಲು ಪುಟ್ಟ ದೀಪ, ಪ್ಲಾಸ್ಟರಿನ ಪುಡಿ ಹಾರಿ ಬಿಳುಪಾದ ರೇಡಿಯೋ. ಅಲ್ಲಿ ಕೂತು ಅವರು ಕಂಡರಿಯದವರಿಗೆಲ್ಲ ಹಲ್ಲು ಕೂರಿಸುತ್ತಾರೆ. ಹೀಗಾಗಿ ಬೀದಿಯವರೆಲ್ಲ ಅವರನ್ನು ಹಲ್ಲಕ್ಕ ಎಂದು ಕರೆಯುತ್ತಾರೆ. ಅವರಿಗೆ ಅದರಲ್ಲಿ ಬೇಸರವೇನಿಲ್ಲ. "ಕಿವಿಯಕ್ಕ, ಮೂಗಕ್ಕ ಅನ್ನೋದಕ್ಕಿಂತ ವಾಸಿ" ಎನ್ನುತ್ತಾರೆ.

ನನ್ನದು ಸೈಕಲ್ ಅಂಗಡಿ. ಅಂಗಡಿಯ ಮೇಲೊಂದು ಉದ್ದನೆಯ ಕೋಣೆಯಿದೆ, ಏರಲು ಕಿರಿದಾದ ಕಬ್ಬಿಣದ ಮೆಟ್ಟಿಲು. ಭಾನುವಾರ ಬಂತೆಂದರೆ ನಾವು ಐದಾರು ಜನ ಅಲ್ಲಿ ಸೇರಿ ಮೇಜಿನ ಮೇಲೆ ಯುದ್ಧ ಮಾಡುತ್ತೇವೆ. ಹೆಬ್ಬೆರಳೆತ್ತರದ ಗೊಂಬೆ ಸೈನಿಕರು, ಎರಡು ದಾಳ, ಒಂದು ಅಳತೆಪಟ್ಟಿ, ಮೇಲೆ ಬೇಕಾದಷ್ಟು ಜಗಳ. ಇಷ್ಟಿದ್ದರೆ ನಮ್ಮ ಭಾನುವಾರ ಸಾರ್ಥಕ. ಬೀದಿಯಲ್ಲಿ ಹೋಗುವವರು ಕಿಟಕಿಯಿಂದ ಬರುವ ಬೊಬ್ಬೆ ಕೇಳಿ ತಲೆಯೆತ್ತಿ ನೋಡಿ, ನಕ್ಕು ಮುಂದೆ ಹೋಗುತ್ತಾರೆ.

ನಮ್ಮಲ್ಲಿ ಎಲ್ಲರಿಗಿಂತ ಗಂಭೀರವಾಗಿ ಆಡುವವರು ಕರ್ನಲ್. ಹೆಸರಿಗಷ್ಟೇ ಕರ್ನಲ್, ಅವರದು ಔಷಧಿ ಅಂಗಡಿ. ಸೈನ್ಯದ ಗೇಟಿನೊಳಗೆ ಕಾಲಿಟ್ಟವರಲ್ಲ. ಆದರೆ ಕೆಮ್ಮಿನ ಔಷಧಿ ಕೊಡುವಾಗಲೂ ಆಜ್ಞೆ ಹೊರಡಿಸುವವರ ಹಾಗೆ ಕೊಡುತ್ತಾರೆ. ಒಂಟಿ ಮನುಷ್ಯ. ಅವರ ನೀಲಿ ಕೋಟಿನ ಸೈನ್ಯಕ್ಕೆ ಸಾಟಿಯಾದದ್ದು ನಮ್ಮ ಯಾರ ಬಳಿಯೂ ಇರಲಿಲ್ಲ. ಒಬ್ಬೊಬ್ಬ ಸೈನಿಕನ ಕೋಟಿಗೂ ಕಾಣಿಸಿಯೂ ಕಾಣಿಸದಂಥ ಗುಂಡಿಗಳು.

ಅತ್ತಿಗೆ ಈ ಕೋಣೆಗೆ ಮೊದಲ ಸಲ ಬಂದದ್ದು ಅಣ್ಣ ನನ್ನ ಬಳಿ ಬಿಟ್ಟುಹೋಗಿದ್ದ ಮನೆಯ ಬೀಗದ ಕೈ ಕೇಳಲು. ಬಂದವರು ನನ್ನ ಗೊಂಬೆಗಳಲ್ಲಿ ಕೈ ಮುರಿದಿದ್ದ ಒಬ್ಬ ಸೈನಿಕನನ್ನು ಎತ್ತಿಕೊಂಡರು, ಕಿಟಕಿಯ ಬೆಳಕಿಗೆ ಹಿಡಿದರು, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಮುಂದಿನ ವಾರ ಅವನು ವಾಪಸು ಬಂದ. ಹೊಸ ಕೈ ಬಂದಿತ್ತು. ಆದರೆ ಅದು ಕತ್ತಿ ಎತ್ತುವ ಕೈಯಲ್ಲ. ಮೊಣಕೈ ಮಡಚಿ, ಹಿಂದಕ್ಕೆ ಹೋಗಿ, ಬೆನ್ನು ತುರಿಸಿಕೊಳ್ಳುವ ಕೈ.

ಕರ್ನಲ್ ಹುಬ್ಬು ಗಂಟಿಕ್ಕಿದರು. "ಅಕ್ಕಾ, ಇವನ ಕತ್ತಿ ಎಲ್ಲಿ?"

"ಒರೆಯಲ್ಲಿದೆ ನೋಡಿ. ಬೆಳಗಿಂದ ದಪ್ಪ ಕೋಟು ಹಾಕ್ಕೊಂಡು ಬಿಸಿಲಲ್ಲಿ ನಿಂತಿದಾನೆ. ಸ್ವಲ್ಪ ತುರಿಸಿಕೊಳ್ಳಲಿ ಬಿಡಿ ಪಾಪ" ಎಂದರು ಅತ್ತಿಗೆ.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕರ್ನಲ್ ನಗಲಿಲ್ಲ. ಆದರೆ ಆ ಗೊಂಬೆಯನ್ನು ಕೈಗೆ ತೆಗೆದುಕೊಂಡು, ಭುಜ ಕೂಡಿಸಿದ ಜಾಗವನ್ನು ಉಗುರಿನಿಂದ ಸವರಿ ನೋಡಿದರು. ಬೆಸುಗೆ ಸಿಗಲಿಲ್ಲ.

ಅಲ್ಲಿಂದ ಅತ್ತಿಗೆಗೆ ಇದರ ಹುಚ್ಚು ಹಿಡಿಯಿತು. ಆಟ ಅವರಿಗೆ ಬೇಕಿರಲಿಲ್ಲ. ಯಾರು ಯಾರನ್ನು ಸೋಲಿಸಿದರು ಎಂದು ಒಂದು ದಿನವೂ ಕೇಳಿದವರಲ್ಲ. ಬೇಕಿದ್ದದ್ದು ಗೊಂಬೆ. ಕೂದಲೆಳೆಯಂಥ ಗರಗಸದಿಂದ ಸೊಂಟದಲ್ಲಿ ಕತ್ತರಿಸುವುದು, ತಂತಿಯ ಚೂರು ತೂರಿಸಿ ಬೇರೆ ಕೋನದಲ್ಲಿ ಕೂಡಿಸುವುದು, ನಡುವಿನ ಬಿರುಕಿಗೆ ಕಲಸಿದ ಅಂಟುಹಿಟ್ಟು ಮೆತ್ತಿ, ಅದು ಗಟ್ಟಿಯಾಗುವ ಮುಂಚೆ ಕೋಟಿನ ನೆರಿಗೆ ಎಳೆಯುವುದು. ಲ್ಯಾಬಿನಲ್ಲಿ ಒಸಡು ತಿದ್ದುವ ಅದೇ ಕಡ್ಡಿ, ಅದೇ ಬೆರಳು. ಬಸ್ಸಿನಲ್ಲಿ ಹೋಗುವಾಗ ಜನ ಹೇಗೆ ನಿಲ್ಲುತ್ತಾರೆ, ಭಾರ ಯಾವ ಕಾಲಿಗೆ ಬಿಡುತ್ತಾರೆ ಎಂದು ನೋಡುತ್ತ ತಮ್ಮ ಸ್ಟಾಪು ದಾಟಿ ಹೋದದ್ದೂ ಉಂಟು.

ಗೊಂಬೆಗೆ ನಿಲ್ಲಲು ನೆಲ ಬೇಡವೇ? ನನ್ನ ಅಂಗಡಿಗೆ ಬರುವ ಪೆಟ್ಟಿಗೆಗಳ ಥರ್ಮಕೋಲ್ ಎಲ್ಲ ಅವರ ಮನೆ ಸೇರಿ ಗುಡ್ಡವಾಯಿತು. ಸೋಸಿದ ಚಹಾಪುಡಿ ಒಣಗಿ ಮಣ್ಣಾಯಿತು, ಮರದ ಹೊಟ್ಟು ಬಣ್ಣ ಕುಡಿದು ಹುಲ್ಲಾಯಿತು. ಅಣ್ಣ ಒಂದು ಸಂಜೆ ತಟ್ಟೆ ಹಿಡಿದು ಊಟದ ಮೇಜಿನ ಮುಂದೆ ಬೆಪ್ಪಾಗಿ ನಿಂತಿದ್ದ.

"ಇವಳೇ, ನಾನು ಎಲ್ಲಿ ಕೂತು ಉಣ್ಣಲಿ?"

"ಆ ಹೊಳೆ ದಂಡೆ ಒಣಗಿದೆ, ಅಲ್ಲಿ ಇಟ್ಕೊಳ್ಳಿ. ಕಾಡಿನ ಕಡೆ ಮಾತ್ರ ಬೇಡ, ಇನ್ನೂ ಹಸಿ."

ಅಣ್ಣ ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಗುಂಡಿಗಳಲ್ಲಿ ಗ್ರೀಸು ಮೆತ್ತಿಕೊಂಡು ದುಡಿದು ಬರುವವನಿಗೆ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲವೆಂಬ ಗೊಣಗಾಟ ಇದ್ದೇ ಇತ್ತು. ಆದರೂ ಅವನು ಒಳ್ಳೆಯವನು. ಸಾಮಾನು ಹೊರುವ ಕೆಲಸವಿದ್ದರೆ ಕರೆಯದೆಯೇ ಬಂದು ಕೈ ಹಾಕುತ್ತಾನೆ. ಆ ಒಳ್ಳೆಯತನವೇ ಅವತ್ತು ಕೈಕೊಟ್ಟಿತು.

ಮಳೆ ನಿಂತಿದ್ದ ಒಂದು ಭಾನುವಾರ. ಕರ್ನಲ್ ತಮ್ಮ ಸೈನ್ಯದ ದೊಡ್ಡ ಪೆಟ್ಟಿಗೆ ಹೊತ್ತು ಅಂಗಡಿಯ ಮುಂದೆ ಬಂದು ನಿಂತರು. ಸುಮ್ಮನೆ ನನ್ನ ಜೊತೆ ಹರಟುತ್ತಿದ್ದ ಅಣ್ಣ, "ಕೊಡಿ ಸಾರ್, ನಾನು ಹತ್ತಿಸ್ತೀನಿ" ಎಂದು ಬೇಡವೆಂದರೂ ಕಸಿದುಕೊಂಡ. ಮೆಟ್ಟಿಲು ಇನ್ನೂ ಒದ್ದೆಯಿತ್ತು. ಮೇಲಿನ ತಿರುವಿನಲ್ಲಿ ಅವನ ಕಾಲು ಜಾರಿತು. ಅವನು ಕಂಬಿ ಹಿಡಿದುಕೊಂಡ, ಪೆಟ್ಟಿಗೆ ಬಿಟ್ಟ. ಅದು ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಉರುಳಿ, ಬಾಯಿ ತೆರೆದುಕೊಂಡು ಸಿಮೆಂಟು ನೆಲಕ್ಕೆ ಬಿತ್ತು. ಸಣ್ಣ ಸಣ್ಣ ಕಾಲು, ಬಂದೂಕು, ಕುದುರೆಯ ಕಿವಿ ಅಂಗಡಿಯ ತುಂಬ ಚೆಲ್ಲಿದವು.

ಕರ್ನಲ್ ಕೂಗಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಅವರು ಮಂಡಿಯೂರಿ ಚೂರುಗಳನ್ನು ಆರಿಸಿ ಪೆಟ್ಟಿಗೆಗೆ ತುಂಬಿದರು. ನಾವು ಸಹಾಯಕ್ಕೆ ಬಗ್ಗಿದರೆ ಕೈ ಅಡ್ಡ ಹಿಡಿದರು. ಮುಚ್ಚಳ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದು ಹೋದರು. ಆಮೇಲೆ ಭಾನುವಾರಗಳು ಬಂದವು, ಅವರು ಬರಲಿಲ್ಲ. ಅಣ್ಣ ಎರಡು ಸಲ ಔಷಧಿ ಅಂಗಡಿಯ ಬಾಗಿಲವರೆಗೆ ಹೋಗಿ, ಬೇಕಿಲ್ಲದ ತಲೆನೋವಿನ ಮಾತ್ರೆ ತೆಗೆದುಕೊಂಡು, ಕ್ಷಮೆ ಕೇಳಲು ನಾಲಿಗೆ ಏಳದೆ ವಾಪಸು ಬಂದ. ಮನೆಯಲ್ಲಿ ಅನ್ನ ಕಲಸುತ್ತ ಕೂತುಬಿಡುತ್ತಿದ್ದ.

ಕೊನೆಗೆ ಅತ್ತಿಗೆ ನನ್ನನ್ನು ಎಳೆದುಕೊಂಡು ಕರ್ನಲ್ ಮನೆಗೆ ಹೊರಟರು. ಔಷಧಿ ಅಂಗಡಿಯ ಹಿಂದಿನ ಎರಡು ಕೋಣೆ. ಒಂದರಲ್ಲಿ ಖಾಲಿ ಮಂಚ, ಅದರ ಪಕ್ಕ ಕುರ್ಚಿ, ಕುರ್ಚಿಯ ಪಕ್ಕ ಬಣ್ಣದ ಶೀಸೆಗಳ ಸಣ್ಣ ಮೇಜು. ಪೆಟ್ಟಿಗೆ ಮಂಚದ ಕೆಳಗಿತ್ತು.

"ಕೊಡಿ, ನೋಡ್ತೀನಿ" ಎಂದರು ಅತ್ತಿಗೆ.

"ಮೊದಲು ಹೇಗಿತ್ತೋ ಹಾಗೇ ಮಾಡಿಕೊಡೋಕಾಗುತ್ತಾ?"

ಅತ್ತಿಗೆ ಮುಚ್ಚಳ ತೆಗೆದು ಬಹಳ ಹೊತ್ತು ಕೆದಕಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಲ್ಲ. ಪಾದದ ಹತ್ತಿರವೇ ಮುರಿದಿವೆ, ಅರ್ಧ ಚೂರು ಇಲ್ಲವೇ ಇಲ್ಲ. ಲ್ಯಾಬಿಗೂ ಜನ ಬರ್ತಾರೆ, ನನ್ನ ಹಳೇ ಹಲ್ಲೇ ಬೇಕು ಅಂತ. ಅದನ್ನ ಯಾರು ಕೊಡೋಕಾಗುತ್ತೆ? ಅಗಿಯೋಕೆ ಬರೋ ಹಲ್ಲು ಕೊಡ್ತೀನಿ ಅಂತೀನಿ."

ಕರ್ನಲ್ ಮಂಚದ ಕಡೆ ನೋಡಿದರು. "ಇವೆಲ್ಲ ಅಮ್ಮ ಹಾಸಿಗೆ ಹಿಡಿದಿದ್ದಾಗ ಇಲ್ಲೇ ಕೂತು ಬಣ್ಣ ಹಚ್ಚಿದ್ದು. ಅವಳಿಗೆ ಮಾತು ಕಮ್ಮಿಯಾಗಿತ್ತು. ಶೀಸೆ ತೋರಿಸಿದ್ರೆ ಬೇಡ, ಬೇಡ ಅಂತ ತಲೆ ಅಲ್ಲಾಡಿಸೋಳು. ಈ ನೀಲಿಗೆ ಹೂಂ ಅಂದಳು." ಪೆಟ್ಟಿಗೆಯನ್ನು ಅತ್ತಿಗೆಯ ಕಡೆ ತಳ್ಳಿ, "ತಗೊಂಡು ಹೋಗಿ. ಏನು ಬೇಕಾದ್ರೂ ಮಾಡ್ಕೊಳ್ಳಿ. ಮನೆಯಲ್ಲಿ ಇಟ್ಕೊಂಡು ನೋಡೋಕೆ ನನ್ನಿಂದ ಆಗ್ತಿಲ್ಲ" ಎಂದರು.

ಅತ್ತಿಗೆಯ ಮೇಜಿನ ಮೇಲೆ ಒಂದು ಸೈನ್ಯ ನಿಧಾನವಾಗಿ ಎದ್ದು ನಿಂತಿತು. ನೆಟ್ಟಗೆ ನಿಲ್ಲಲಾರದವನು ಇನ್ನೊಬ್ಬನ ಹೆಗಲಿಗೆ ಕೈ ಹಾಕಿದ. ಪಾದ ಕಳೆದುಕೊಂಡವರು ಗಾಡಿ ಹತ್ತಿದರು. ಬಾವುಟದವನ ಕೋಲು ತುಂಡಾಗಿತ್ತು. ಅದನ್ನೇ ಅವನು ಊರುಗೋಲು ಮಾಡಿಕೊಂಡ, ಬಾವುಟ ಹೆಗಲ ಮೇಲೆ ಶಾಲಾಯಿತು. ಕಿವಿ ಹೋದ ಕುದುರೆಗೆ ಒಬ್ಬ ತನ್ನ ಟೋಪಿ ತೊಡಿಸಿ ಮುನ್ನಡೆಸುತ್ತಿದ್ದ. ಸೋತು ಮನೆಗೆ ಮರಳುವ ಸೈನ್ಯ. ಹೊಸದಾಗಿ ಮೆತ್ತಿದ ಜಾಗಕ್ಕೆಲ್ಲ ಅತ್ತಿಗೆ ಮಣ್ಣಿನ ಬಣ್ಣ, ಗಾಯದ ಪಟ್ಟಿಯ ಬಿಳಿ ಬಣ್ಣ ಹಚ್ಚಿದರು. ಕರ್ನಲ್ ಹಚ್ಚಿದ್ದ ನೀಲಿ ಉಳಿದಿದ್ದ ಕಡೆ ಕುಂಚ ತಾಗಿಸಲಿಲ್ಲ.

ಆ ಸೈನ್ಯ ನಡೆಯಲು ಒಂದು ಕಣಿವೆ ಬೇಕಾಯಿತು, ಕಣಿವೆಗೆ ತೂಗುಸೇತುವೆ. "ಸೇತುವೆ ನನಗೆ ಬಿಡು" ಎಂದ ಅಣ್ಣ. ಅದುವರೆಗೆ ಗೊಂಬೆಗಳ ಹತ್ತಿರ ಸುಳಿಯಲೂ ಹೆದರುತ್ತಿದ್ದವನು ಹಳೆಯ ಲಿಫ್ಟಿನ ಹಗ್ಗದ ಉಕ್ಕಿನ ಎಳೆಗಳನ್ನು ಬಿಡಿಸಿ ಹೊಸೆಯತೊಡಗಿದ. ಇಬ್ಬರಿಗೂ ಜಟಾಪಟಿಯೇ ನಡೆಯಿತು. ಸೇತುವೆ ಬಿಗಿಯಾಗಿದ್ದರೆ ಚೆಂದವೆಂದು ಅತ್ತಿಗೆ. "ಜನ ಹತ್ತಿದ ಹಗ್ಗ ಜಗ್ಗಲೇಬೇಕು, ದಿನಾ ನೋಡೋನು ನಾನು" ಎಂದು ಅಣ್ಣ. ಕಡೆಗೆ ಸೇತುವೆ ಬಾಗಿತು, ಅತ್ತಿಗೆಯೂ ಒಪ್ಪಿದರು.

ಎಲ್ಲ ಮುಗಿದ ಭಾನುವಾರ ಕಣಿವೆಯನ್ನು ಅಂಗಡಿಯ ಮೇಲಿನ ಕೋಣೆಗೆ ಸಾಗಿಸಿ, ನಾನೇ ಹೋಗಿ ಕರ್ನಲ್‌ರನ್ನು ಕರೆತಂದೆ. ಅವರು ಮೇಜಿನ ಸುತ್ತ ಒಂದು ಸುತ್ತು ಬಂದರು. ಮುಖ ಕೆಂಪಾಯಿತು.

"ನನ್ನ ಸೈನ್ಯಾನ ಆಸ್ಪತ್ರೆ ಮಾಡಿದ್ದೀರಿ ನೀವು."

ಅಷ್ಟೇ. ದಡದಡ ಮೆಟ್ಟಿಲಿಳಿದು ಹೋದರು. ಅಣ್ಣ ಗೋಡೆಗೊರಗಿ ನೆಲ ನೋಡುತ್ತ ನಿಂತ. ಅತ್ತಿಗೆ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. "ಕೋಪ ಬರಲಿ. ಬರದೇ ಇದ್ದಿದ್ರೆ ನನಗೆ ಭಯ ಆಗ್ತಿತ್ತು" ಎಂದರು.

ನಾನು ಕೆಳಗೆ ಬಂದು ನೋಡಿದರೆ ಕರ್ನಲ್ ಹೋಗಿರಲಿಲ್ಲ. ತಲೆಕೆಳಗಾಗಿ ನಿಲ್ಲಿಸಿದ್ದ ಒಂದು ಸೈಕಲ್ಲಿನ ಚಕ್ರ ತಿರುಗಿಸುತ್ತ ನಿಂತಿದ್ದರು. ಚಕ್ರ ನಿಂತ ಮೇಲೆ ನನ್ನ ಕಡೆ ನೋಡದೆ ಕೇಳಿದರು: "ಕೋಟಿಗೆ ಬೇರೆ ಬಣ್ಣ ಹಚ್ಚಿದಾರಾ?"

"ಇಲ್ಲ ಸಾರ್. ನಿಮ್ಮ ನೀಲಿ ಮುಟ್ಟಿಲ್ಲ."

ಅವರು ಮತ್ತೆ ಮೆಟ್ಟಿಲು ಹತ್ತಿದರು. ಈ ಸಲ ಕುರ್ಚಿ ಎಳೆದು ಕೂತು, ಕನ್ನಡಕ ಹಣೆಗೇರಿಸಿ, ಒಬ್ಬೊಬ್ಬನನ್ನೂ ಎತ್ತಿ ನೋಡಿದರು. ಗಾಡಿಯ ಹತ್ತಿರ ಅವರ ಕೈ ನಿಂತಿತು.

"ಅಕ್ಕಾ, ಇವನಿಗೆ ಪಟ್ಟಿ ಕಟ್ಟಿದ್ದು ತಪ್ಪು. ಮಂಡಿ ಕೆಳಗೆ ಮೂಳೆ ಮುರಿದರೆ ಮಂಡಿ ಮೇಲಿನ ತನಕ ಕಟ್ಟಬೇಕು."

"ಹಾಗಾದ್ರೆ ನೀವೇ ಕಟ್ಟಿ. ಅಂಟುಹಿಟ್ಟು ಅಲ್ಲಿದೆ."

ಕರ್ನಲ್ ಕಟ್ಟಿದರು. ಮೊದಲ ಸಲ ಹಿಟ್ಟು ಬೆರಳಿಗೆ ಅಂಟಿ ಸೈನಿಕನ ಕಾಲು ಆನೆಕಾಲಾಯಿತು. ಅತ್ತಿಗೆ ಕಡ್ಡಿಯನ್ನು ನೀರಲ್ಲಿ ಅದ್ದಿಕೊಳ್ಳಬೇಕೆಂದು ತೋರಿಸಿಕೊಟ್ಟರು. ಎರಡನೆಯ ಸಲ ಸರಿಹೋಯಿತು. ಆಗಲೇ ಅವರು ಅಣ್ಣನ ಕಡೆ ತಿರುಗಿ, "ಸೇತುವೆ ನಿಮ್ದಾ? ಭಾರ ತಡೆಯುತ್ತಾ?" ಎಂದರು. ಅಣ್ಣ ತಲೆಯಾಡಿಸಿದ. "ಸಾರ್, ಅವತ್ತು..." ಎಂದು ಶುರುಮಾಡಿದ. "ಇರಲಿ ಬಿಡಿ, ಮೆಟ್ಟಿಲು ಒದ್ದೆಯಿತ್ತು" ಎಂದರು ಕರ್ನಲ್.

ಆಮೇಲೆ ಆಟದ ಮಾತು ಬಂತು. "ಇದರಲ್ಲಿ ಗೆಲ್ಲೋದು ಹೇಗೆ?"

"ಇವರನ್ನ ಸೇತುವೆ ದಾಟಿಸಬೇಕು" ಎಂದರು ಅತ್ತಿಗೆ.

"ಎಲ್ಲರನ್ನೂ ಆಗಲ್ಲ."

"ಎಷ್ಟು ಜನ ಆಗುತ್ತೋ ಅಷ್ಟು."

ಬೆನ್ನಟ್ಟಿ ಬರುವ ಸೈನ್ಯ ನನ್ನದು. ಅಯ್ಯೋ ಪಾಪ ಎಂದು ನಾನು ಕೈ ತಡೆದು ಆಡಲಿಲ್ಲ. ಆಡಿದ್ದರೆ ಅವರಿಗೆ ತಿಳಿದುಬಿಡುತ್ತಿತ್ತು. ಸದಾ ಮುನ್ನುಗ್ಗಿ ಆಡುತ್ತಿದ್ದ ಕರ್ನಲ್ ಅಂದು ಒಬ್ಬೊಬ್ಬನನ್ನೂ ಬೆರಳ ತುದಿಯಿಂದ ಮುಂದೆ ಸರಿಸಿದರು. ಗಾಡಿಗಳನ್ನು ಮೊದಲು ಬಿಟ್ಟರು. ಗಟ್ಟಿಮುಟ್ಟಾದ ಕೆಲವರನ್ನು ಬಂಡೆಯ ಮರೆಯಲ್ಲಿ ನಿಲ್ಲಿಸಿ ನನ್ನ ದಾರಿ ಕಟ್ಟಿದರು. ಅವರು ಒಬ್ಬೊಬ್ಬರಾಗಿ ಬಿದ್ದರು. ಟೋಪಿ ತೊಟ್ಟ ಕುದುರೆ ಸೇತುವೆ ದಾಟಿದಾಗ ಅಣ್ಣ ಚಪ್ಪಾಳೆ ತಟ್ಟಿಬಿಟ್ಟ. ಕೊನೆಗೆ ಬಾವುಟದವನು ಸೇತುವೆಯ ಬಾಯಲ್ಲಿ ಸಿಕ್ಕಿಬಿದ್ದ. ದಾಳ ಹಾಕಿದ್ದು ನಾನು. ಕರ್ನಲ್ ಅವನನ್ನು ಮೆಲ್ಲನೆ ಮಲಗಿಸಿ, ಬಾವುಟದ ಬದಿ ಮೇಲಾಗುವಂತೆ ತಿರುಗಿಸಿಟ್ಟರು.

"ಉಳಿದೋರು ದಾಟಿದ್ರು" ಎಂದರು. ಯಾರು ಗೆದ್ದರೆಂದು ನಾವು ಯಾರೂ ಕೇಳಲಿಲ್ಲ.

ಆ ಕಣಿವೆಯ ಆಟವನ್ನು ನಾವು ಈಗಲೂ ಆಡುತ್ತೇವೆ. ಕರ್ನಲ್ ಮುಂಚಿನಂಥ ಸೈನ್ಯವನ್ನು ಮತ್ತೆ ಕಟ್ಟಲಿಲ್ಲ, ಬೇಕೆಂದೂ ಅನ್ನಲಿಲ್ಲ. ವಾರದ ಮಧ್ಯೆ ಅಂಗಡಿ ಮುಚ್ಚಿದ ಮೇಲೆ ಅಣ್ಣನ ಮನೆಗೆ ಬಂದು ಅತ್ತಿಗೆಯ ಎದುರು ಕೂರುತ್ತಾರೆ. ಸದ್ಯ ಇಬ್ಬರೂ ಸೇರಿ ಒಂದು ಬಂದರು ಕಟ್ಟುತ್ತಿದ್ದಾರೆ. ಹಡಗಿನಿಂದ ಇಳಿಯುವವರು, ಕಾಯುವವರು, ಮೂಟೆಯ ಮೇಲೆ ನಿದ್ದೆ ಹೋದವನೊಬ್ಬ. ಬಂದರಿನ ನೀರು ಹಸಿರಿರಬೇಕೋ ಬೂದುಬಣ್ಣವಿರಬೇಕೋ ಎಂದು ಕಳೆದ ವಾರ ಅವರಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ತೀರ್ಪು ಕೇಳಲು ಅಣ್ಣನನ್ನು ಕರೆದರು. ಅವನು ಒಳಗಿನಿಂದಲೇ ಕೂಗಿದ: "ಯಾವ ಬಣ್ಣನಾದ್ರೂ ಹಾಕಿ, ತಟ್ಟೆ ಇಡೋಕೆ ಒಂದು ಮೂಲೆ ಬಿಡಿ."