ಬಿಸಿ ಟೈರಿನ ಗಾಳಿ

ಹೋದ ವಾರ ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಮೂವತ್ತು ವರ್ಷ ನರ್ಸಾಗಿ ದುಡಿದವಳಿಗೆ ಆ ವಾಸನೆ ಹೊಸದೇನಲ್ಲ. ಆದರೂ ಅವತ್ತು ಅದು ಮೂಗಿಗೆ ಬಡಿದ ಕೂಡಲೇ ಹಳೆಯ ಸಿಟ್ಟೊಂದು ಎದ್ದು ಕೂತಿತು. ನನ್ನ ಮುಖ ನೋಡಿ ಹುಡುಗಿ, "ನೋವಾಯ್ತಾ ಅಜ್ಜಿ?" ಎಂದಳು. ಸೂಜಿ ಇನ್ನೂ ಚುಚ್ಚಿರಲೇ ಇಲ್ಲ. ನನಗೆ ನೆನಪಾಗಿದ್ದು ಬೆಟ್ಟದ ಮೇಲಿನ ತಾಳವಾಡಿಯ ಗಾಳಿಯವನು.

ಟೈರಿಗೆ ಗಾಳಿ ಹಾಕುತ್ತಿದ್ದನಾದ್ದರಿಂದ ಎಲ್ಲರಿಗೂ ಅವನು ಗಾಳಿಯವನು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅವನ ಅಂಗಡಿ. ಡೀಸೆಲ್ ಎಂಜಿನ್ನಿನಿಂದ ಓಡುವ ಕಂಪ್ರೆಸರ್ ಆಗ ಆ ಬೆಟ್ಟದ ಮೇಲೆಲ್ಲ ಅವನೊಬ್ಬನ ಹತ್ತಿರವೇ ಇದ್ದದ್ದು. ಕಬ್ಬಿಣದ ಸರಳಿನಿಂದ ಟೈರಿಗೆ ಒಂದೇಟು ಕೊಟ್ಟು, ಕಿವಿಯನ್ನು ಓರೆ ಮಾಡಿ ಕೇಳಿ, ಇಷ್ಟು ಪೌಂಡಿದೆ ಗಾಳಿ ಎಂದು ಹೇಳಿಬಿಡುತ್ತಿದ್ದ. ಲಾರಿಯವರೂ ತಲೆಯಾಡಿಸುತ್ತಿದ್ದರು. ಅವನು ಸತ್ತು ಎಷ್ಟೋ ವರ್ಷವಾಯಿತು. ಅವನ ಮೇಲಿನ ನನ್ನ ಸಿಟ್ಟು ಮಾತ್ರ ಒಂದು ಪೌಂಡೂ ಇಳಿದಿಲ್ಲ.

ಎಂಬತ್ತರ ದಶಕ ಶುರುವಾಗಿದ್ದ ಕಾಲ. ನಾನು ಬೆಟ್ಟದ ಕೆಳಗಿನ ಒಂದು ಧರ್ಮಾಸ್ಪತ್ರೆಯ ವ್ಯಾನಿನಲ್ಲಿ ಕೆಲಸ ಮಾಡುತ್ತಿದ್ದೆ. ಹಳೆಯ ಸಣ್ಣ ಬಸ್ಸೊಂದರ ಸೀಟುಗಳನ್ನು ಕಿತ್ತು, ಒಳಗೆ ಮಲಗುವ ಹಲಗೆ, ಸೀಮೆಎಣ್ಣೆ ಸ್ಟವ್ವು, ಔಷಧಿಯ ಬೀರು, ಹಿಂಭಾಗದಲ್ಲಿ ನೀರಿನ ದೊಡ್ಡ ಡ್ರಮ್ಮು ಇಟ್ಟು ಮಾಡಿದ ಗಾಡಿ ಅದು. ವಾರಗಟ್ಟಲೆ ಅದರಲ್ಲೇ ನಮ್ಮ ಅಡುಗೆ, ಊಟ, ನಿದ್ದೆ. ಹಳ್ಳಿಯವರು ಅದನ್ನು ಮನೆಗಾಡಿ ಎನ್ನುತ್ತಿದ್ದರು. ನಾವಿದ್ದದ್ದು ಮೂವರು: ಡಾಕ್ಟರು, ನಾನು, ಡ್ರೈವರಣ್ಣ.

ಡ್ರೈವರಣ್ಣ ಪಣಕಹಳ್ಳಿಯವನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ; ಬೀಡಿ ಕೂಡ ಸೇದುತ್ತಿರಲಿಲ್ಲ. ಗಾಳಿಯ ವಿಷಯದಲ್ಲಿ ಅವನದು ಪೂಜೆಯಷ್ಟೇ ಕಟ್ಟುನಿಟ್ಟು. ಕೆಳಗಿನ ಮಂಡಿಯಲ್ಲಿ ಬೆಲ್ಲದ ಲಾರಿ ತೂಗುವ ಕಡೆಗೆ ಮನೆಗಾಡಿಯನ್ನು ಒಯ್ದು, ಡ್ರಮ್ಮಿನ ತುಂಬ ನೀರಿಟ್ಟು, ಡಾಕ್ಟರನ್ನೂ ನನ್ನನ್ನೂ ನಮ್ಮ ನಮ್ಮ ಜಾಗದಲ್ಲಿ ಕೂರಿಸಿ, ಮುಂದಿನ ಗಾಲಿಗಳ ಭಾರ ಬೇರೆ, ಹಿಂದಿನದು ಬೇರೆ ತೂಗಿಸಿದ್ದ. ಮುಂದೆ ನಲವತ್ತು ಪೌಂಡು ಗಾಳಿ, ಹಿಂದೆ ಐವತ್ತೈದು ಎಂದು ತನ್ನ ಕಡೆಯ ಬಾಗಿಲಿನ ಒಳಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ. ಗಾಡಿಯ ತಗಡಿನ ಮೇಲೆ ಕಂಪನಿಯವರು ಹಿಂದೆ ನಲವತ್ತೈದು ಎಂದು ಬರೆದಿದ್ದಾರಲ್ಲ ಎಂದು ನಾನೊಮ್ಮೆ ಕೇಳಿದೆ.

"ಅದು ಬರೀ ಗಾಡೀಗ ಸಿಸ್ಟರಮ್ಮ. ಇದು ಸಂಸಾರ ಒತ್ಕಂಡು ಓಡೋ ಗಾಡಿ. ಇದ್ಕ ಬ್ಯಾರೆ ಲೆಕ್ಕ" ಎಂದಿದ್ದ.

ಬೆಳಿಗ್ಗೆ, ಎಂಜಿನ್ ಶುರು ಮಾಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯುತ್ತಿದ್ದ. ಕಡಿಮೆಯಿದ್ದರೆ ತನ್ನ ಕೈಪಂಪಿನಿಂದಲೇ ಹೊಡೆಯುತ್ತಿದ್ದ. ಹಾದಿಯಲ್ಲಿ ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಹಿಗ್ಗಿ ಮೀಟರು ಹೆಚ್ಚಿಗೆ ತೋರಿಸುತ್ತದೆ, ಆಗ ಮಾತ್ರ ಮುಟ್ಟಬಾರದು ಎಂದು ನನಗೆ ಹೇಳಿಕೊಟ್ಟವನು ಅವನೇ. ನನಗದು ಥಟ್ಟನೆ ಅರ್ಥವಾಯಿತು. ದಿಣ್ಣೆ ಹತ್ತಿ ಬಂದ ರೋಗಿಯ ಬಿ.ಪಿ.ಯನ್ನು ನಾನೂ ಕೂಡಲೇ ನೋಡುತ್ತಿರಲಿಲ್ಲ; ಕೂರಿಸಿ, ದಣಿವಾರಿದ ಮೇಲೆ ನೋಡುತ್ತಿದ್ದೆ.

ತನ್ನ ಕಂಪ್ರೆಸರ್ ಇರುವ ಊರಿನಲ್ಲೇ ಒಬ್ಬ ಕೈಪಂಪು ಹೊಡೆಯುತ್ತಾನೆ ಎಂಬುದು ಗಾಳಿಯವನಿಗೆ ನುಂಗಲಾರದ ತುತ್ತಾಗಿತ್ತು. ನಮ್ಮ ಗಾಡಿ ಕಂಡರೆ, "ಬಂದ ಕಣ್ಲಾ ಇಂಜಿನೀರು" ಎಂದು ನಾಲ್ಕು ಜನಕ್ಕೆ ಕೇಳುವಂತೆ ನಗುತ್ತಿದ್ದ. ಒಮ್ಮೆ ಕೈ ಕುಯ್ದುಕೊಂಡಾಗ ಮಾತ್ರ ನಮ್ಮ ಗಾಡಿಗೇ ಬಂದಿದ್ದ; ಸ್ಪಿರಿಟ್ ಹಾಕಿ ಪಟ್ಟಿ ಕಟ್ಟಿದವಳು ನಾನೇ.

ಅವತ್ತು ತಿಗನಾರೆಯಲ್ಲಿ ಕ್ಯಾಂಪು ಮುಗಿಸಿ, ಉರಿಬಿಸಿಲಿನಲ್ಲಿ ತಾಳವಾಡಿಗೆ ಬಂದೆವು. ಅಲ್ಲಿಂದ ತಾಳಮಲೆಗೆ ಹೋಗಬೇಕಿತ್ತು. ಆನೆಗಳು ರಸ್ತೆಗಿಳಿಯುವ ಮೊದಲೇ ಕಾಡು ದಾಟಬೇಕೆಂದು ಡಾಕ್ಟರಿಗೆ ಅವಸರ. ಡ್ರೈವರಣ್ಣ ಕೊಡ ಹಿಡಿದು ಡ್ರಮ್ಮಿಗೆ ನೀರು ತರಲು ಬೋರ್‌ವೆಲ್ ಕಡೆ ಹೋಗಿದ್ದ. ಅಷ್ಟರಲ್ಲಿ ಗಾಳಿಯವನು ಬಂದು ಟೈರಿಗೆ ಸರಳಿನಿಂದ ಬಡಿದ. ಆಮೇಲೆ ಮೀಟರ್ ಒತ್ತಿ ಹೌಹಾರಿದ.

"ಅರ್ವತ್ಮೂರು ಅದೆ ಸಾರ್! ಸಿಡ್ದೋಯ್ತದೆ. ಕಂಪ್ನಿಯೋರು ಬರ್ದಿರೋದು ನಲ್ವತ್ತೈದು."

ಸ್ವಲ್ಪ ಇಳಿಸು ಎಂದರು ಡಾಕ್ಟರು. ಅವನು ಕೂತು ಟೈರಿನ ವಾಲ್ವಿನ ಮುಳ್ಳು ಒತ್ತಿದ. ಗಾಳಿ ಬುಸುಗುಟ್ಟುತ್ತ ಹೊರಬಂತು. ನಾನು ಓಡಿ ಹೋಗಿ, ಬಿಸಿ ಟೈರು, ಈಗ ಬಿಡಬೇಡಿ, ಮನುಷ್ಯರಾದರೂ ಹತ್ತಿ ಬಂದ ಮೇಲೆ ಕೂರಿಸಿ ನೋಡುತ್ತೇವೆ ಎಂದೆ. ಅವನು ಹಲ್ಲು ಬಿಟ್ಟ.

"ಏನ್ ನರ್ಸಮ್ಮ, ಟೈರ್‌ಗೂ ಸೂಜಿ ಚುಚ್ಚೀರಾ?"

ಸುತ್ತ ನಿಂತವರೆಲ್ಲ ನಕ್ಕರು. ಡಾಕ್ಟರು ನನ್ನತ್ತ ತಿರುಗಿ, "ಪೋದುಂ ಸಿಸ್ಟರ್! ಮಾತ್ರೆ ಎಣಿಸೋದು ನಿಮ್ಮ ಕೆಲಸ, ಟೈರು ಅವನ ಕೆಲಸ" ಎಂದರು. ಅವರ ತಮಿಳಿನಲ್ಲಿ ಸಾಕು ಎಂದರೆ ಸಾಕು. ಮುಖ ಊದಿಸಿಕೊಂಡು ಗಾಡಿ ಹತ್ತಿ ಕೂತೆ. ಹಿಂದಿನ ಎರಡೂ ಟೈರು ನಲವತ್ತೈದಕ್ಕೆ ಇಳಿದವು. ತಣ್ಣಗಾದರೆ ನಲವತ್ತೂ ಇರುತ್ತಿರಲಿಲ್ಲ. ಆಮೇಲೆ ಡ್ರೈವರಣ್ಣ ಬಂದು ಒಂದೊಂದೇ ಕೊಡ ಸುರಿದು ಡ್ರಮ್ಮನ್ನು ತುಂಬಿಸಿದ. ಕೆಳಗಿಳಿದು ಟೈರಿನ ಮೇಲೆ ಅಂಗೈ ಇಟ್ಟು ನೋಡುವುದು ಅವನ ರೂಢಿ. ಅವತ್ತು ಡಾಕ್ಟರು ಹಾರ್ನ್ ಮೇಲೆ ಹಾರ್ನ್ ಹೊಡೆದರು. ಅವನು ಬಂದು ಸ್ಟಿಯರಿಂಗ್ ಹಿಡಿದ. ನಾನು ಅವನ ಬೆನ್ನ ಹಿಂದೆಯೇ ಕೂತಿದ್ದೆ. ಏನೂ ಹೇಳಲಿಲ್ಲ...

ಕಾಡಿನೊಳಗೆ ಕಲ್ಲುದಾರಿಯ ಒಂದು ತಿರುವಿನಲ್ಲಿ ಹಿಂದಿನ ಎಡಗಡೆಯ ಟೈರು ಸಿಡಿಯಿತು. ಮನೆಗಾಡಿ ಚರಂಡಿಯ ಕಡೆಗೆ ವಾಲಿ ಮಗುಚಿಕೊಂಡಿತು. ಡಾಕ್ಟರಿಗೆ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿತು. ನನ್ನ ಭುಜದ ಮೂಳೆ ಮುರಿಯಿತು. ಡ್ರೈವರಣ್ಣನ ಕಾಲು ತಗಡಿನಡಿ ಸಿಕ್ಕಿಕೊಂಡಿತು. ನನ್ನ ಪಕ್ಕದಲ್ಲಿದ್ದ ಔಷಧಿಯ ಬೀರು ಅವನತ್ತ ಉರುಳಿ ಒಡೆದು, ಸ್ಪಿರಿಟ್ ಬಾಟಲಿಗಳೆಲ್ಲ ಅವನ ಮೈಮೇಲೆ ಚೂರಾದವು.

ಎದುರಿಗೆ ಬಂದ ಲಾರಿಯವರು ತಾಳವಾಡಿಗೆ ಸುದ್ದಿ ಮುಟ್ಟಿಸಿದರು. ಜಾಕು, ಸರಪಳಿ, ಹತ್ತು ಜನರನ್ನು ಜೀಪಿನಲ್ಲಿ ತುಂಬಿಕೊಂಡು ಮೊದಲು ಬಂದವನು ಗಾಳಿಯವನೇ. ಜಾಕು ಇಟ್ಟು ಡ್ರೈವರಣ್ಣನ ಕಾಲು ಬಿಡಿಸಿದವನೂ ಅವನೇ. ಇಲ್ಲದಿದ್ದರೆ ಡ್ರೈವರಣ್ಣ ಅಲ್ಲೇ ಮುಗಿಯುತ್ತಿದ್ದ. ಅದನ್ನು ಹೇಳಲೇಬೇಕು, ಹೇಳಿದ್ದೇನೆ.

ಆಮೇಲೆ ಅವನು ಸಿಡಿದ ಟೈರಿನ ಬಳಿ ಹೋಗಿ ಕೂತ. ಚಿಂದಿಯಾದ ರಬ್ಬರನ್ನು ಕೈಯಲ್ಲಿ ಹಿಡಿದು ನೋಡಿದ. ಗಾಳಿ ಸಾಲದೆ, ಭಾರಕ್ಕೆ ನಲುಗಿ ಕಾದು ಸಿಡಿದ ಟೈರು ಎಂದು ಅವನಿಗೆ ತಿಳಿಯಿತು. ಅವನ ಮುಖ ಬಿಳಿಚಿದ್ದನ್ನು ನಾನು ಮರದ ಬುಡದಲ್ಲಿ ಬಿದ್ದುಕೊಂಡೇ ಕಂಡೆ. ಎದ್ದು ಬಂದವನು ಡ್ರೈವರಣ್ಣನ ಅಂಗಿಗೆ ಮೂಗಿಟ್ಟು, ಎಲ್ಲರಿಗೂ ಕೇಳುವಂತೆ ಕೂಗಿದ:

"ಥೂ! ಕುಡ್ದವ್ನೆ ಕಣ್ಲಾ!"

ಹತ್ತು ಜನರೂ ಮೂಸಿದರು. ವಾಸನೆ ಇದ್ದೇ ಇತ್ತಲ್ಲ. ಅದು ಸ್ಪಿರಿಟ್ಟು ಎಂದು ಕಿರುಚಿದೆ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಆಸ್ಪತ್ರೆಯವರು ವಿಚಾರಣೆ ಮಾಡಿದರು. ನಾನಿನ್ನೂ ಹಾಸಿಗೆಯಲ್ಲಿದ್ದೆ, ನನ್ನನ್ನು ಕರೆಯಲಿಲ್ಲ. ತಮಗೇನೂ ನೆನಪಿಲ್ಲ ಎಂದರು ಡಾಕ್ಟರು. ಕುಡಿದಿದ್ದ ಎಂದು ಗಾಳಿಯವನು ಹೇಳಿಕೆ ಕೊಟ್ಟ. ಅದು ಸ್ಪಿರಿಟ್ಟಿನ ವಾಸನೆ, ಈ ಮನುಷ್ಯ ಕುಡಿಯುವವನಲ್ಲ ಎಂದು ನಾನೊಂದು ಕಾಗದ ಬರೆದೆ. ಗಾಳಿ ಬಿಟ್ಟ ವಿಷಯ ಬರೆಯಲಿಲ್ಲ. ಬರೆದಿದ್ದರೆ, ಕಣ್ಣಾರೆ ಕಂಡವಳು ಡ್ರೈವರಿಗೇಕೆ ತಿಳಿಸಲಿಲ್ಲ ಎಂದು ಕೇಳುತ್ತಿದ್ದರು. ನನ್ನ ಕಾಗದಕ್ಕೆ ಉತ್ತರವೂ ಬರಲಿಲ್ಲ. ಡ್ರೈವರಣ್ಣನನ್ನು ಕೆಲಸದಿಂದ ತೆಗೆದರು. ಕಾಲು ಕುಂಟಾಯಿತು. ಅಣ್ಣನ ಹೊಲದಲ್ಲಿ ಅವನಿಗೆ ಕೂತು ಮಾಡುವ ಕೆಲಸ ಮಾತ್ರ ಉಳಿಯಿತು. ಹೆಂಡದಂಗಡಿಯ ನೆರಳೂ ತುಳಿಯದವನನ್ನು ಊರು ಕುಡುಕ ಡ್ರೈವರ್ ಎಂದು ಕರೆಯಿತು.

ಆ ವ್ಯಾನಿನ ಕೆಲಸ ಬಿಟ್ಟು ನಾನು ತಾಳವಾಡಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದೆ. ಬೇರೆಲ್ಲಾದರೂ ಹೋಗಬಹುದಿತ್ತು. ಗಾಳಿಯವನ ಅಂಗಡಿ ಅಲ್ಲಿದೆ ಎಂದೇ ಅಲ್ಲಿಗೆ ಹೋದೆ. ಕ್ಲಿನಿಕ್ಕು ದಿಣ್ಣೆಯ ಮೇಲಿತ್ತು. ಒಂದಲ್ಲ ಒಂದು ದಿನ ಇವನು ಏದುಸಿರು ಬಿಡುತ್ತ ಈ ದಿಣ್ಣೆ ಹತ್ತಿ ಬರಲೇಬೇಕು ಎಂದು ಕಾದೆ. ಮೂರು ವರ್ಷ ಕಾದೆ. ಅವನ ಹೊಟ್ಟೆ ಮುಂದೆ ಬಂದಿತ್ತು, ಕತ್ತು ದಪ್ಪಗಾಗಿತ್ತು. ನನಗದು ಒಳಗೊಳಗೇ ಖುಷಿ.

ಬಂದ. ಸಂತೆಯ ದಿನ, ಮಧ್ಯಾಹ್ನ, ತಲೆ ಸುತ್ತುತ್ತದೆ ಎಂದು ಬಂದ. ಕ್ಲಿನಿಕ್ಕಿನ ಡಾಕ್ಟರು ಹೊರಗೆ ಹೋಗಿದ್ದರು. ಬೆಂಚಿನ ತುಂಬ ಜನ. ಪಣಕಹಳ್ಳಿಯ ಇಬ್ಬರು ಹೆಂಗಸರೂ ಇದ್ದರು. ಅವನಿಗೆ ದಣಿವಾರಿಸಿಕೊಳ್ಳಲೂ ಬಿಡದೆ ತೋಳಿಗೆ ಪಟ್ಟಿ ಸುತ್ತಿದೆ. ಪಾದರಸ ನೂರ ತೊಂಬತ್ತರಲ್ಲಿ ನಿಂತಿತು. ಜೋರಾಗಿ ಓದಿ ಹೇಳಿ, ಇಷ್ಟಿದ್ದರೆ ತಲೆಯಲ್ಲಿ ನರ ಸಿಡಿಯುತ್ತದೆ ಎಂದೆ. ಅವನ ತುಟಿ ಒಣಗಿತು. "ಏನಾರ ಮಾಡಿ ನರ್ಸಮ್ಮ" ಎಂದು ಕೈ ಹಿಡಿದುಕೊಂಡ. ಮೂಲೆಯ ಸ್ಟೂಲಿನಲ್ಲಿ ಕೂರಿಸಿ ಅರ್ಧ ಗಂಟೆ ಅವನತ್ತ ತಿರುಗಿಯೂ ನೋಡಲಿಲ್ಲ. ಅವನು ಬೆವರುವುದನ್ನು ಓರೆಗಣ್ಣಿನಲ್ಲಿ ಮಾತ್ರ ಕಾಣುತ್ತಿದ್ದೆ. ನರ್ಸಾದವಳು ಮಾಡುವ ಕೆಲಸವಲ್ಲ ಅದು. ಮಾಡಿದೆ, ಸಂತೋಷದಿಂದಲೇ ಮಾಡಿದೆ.

ಆಮೇಲೆ ಮತ್ತೆ ಪಟ್ಟಿ ಸುತ್ತಿದೆ. ನೂರ ನಲವತ್ತೆಂಟು.

"ಅತ್ತಿ ಬಂದಾಗ ನೂರ ತೊಂಬತ್ತು, ಕೂತ್ಮ್ಯಾಲ ನೂರ ನಲವತ್ತೆಂಟು. ಯಾವ್ದು ನಿಜ ಯೋಳು" ಎಂದೆ. ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದೆ.

ಅವನಿಗೆ ಹೊಳೆಯಿತು. ತಲೆ ತಗ್ಗಿಸಿದ. ನಾನು ಬಿಡಲಿಲ್ಲ. ಅವತ್ತು ಬಿಸಿ ಟೈರಿನ ಗಾಳಿ ನೀನು ಬಿಟ್ಟೆ, ನಾನು ಪಕ್ಕದಲ್ಲೇ ನಿಂತು ನೋಡಿದೆ, ಬೇಡವೆಂದರೆ ನೀನು ನಕ್ಕೆ ಎಂದು ಬೆಂಚಿನವರಿಗೆಲ್ಲ ಕೇಳುವಂತೆ ಹೇಳಿದೆ. ವಾಸನೆ ಬಂದದ್ದು ನಿಜ ತಾನೇ ಎಂದು ಅವನು ಗೊಣಗಿದ.

"ನಿನ್ನ ಕೈ ಗಾಯಕ್ಕ ಅದೇ ಸ್ಪಿರಿಟ್ಟು ಆಕ್ದೋಳು ನಾನು. ಆ ವಾಸ್ನ ನಿಂಗ ಗೊತ್ತಿರ್ನಿಲ್ವಾ?"

ತೋಳಿನ ಪಟ್ಟಿಯನ್ನು ತಾನೇ ಬಿಚ್ಚಿಟ್ಟ. ಕೊನೆಗೆ ನೆಲ ನೋಡುತ್ತ ಹೇಳಿದ: "ಗೊತ್ತಿತ್ತು. ಗಾಳಿ ನಾನೇ ಬುಟ್ಟೆ. ಟೈರ್ ಮುಟ್ದಾಗ್ಲೇ ಗೊತ್ತಾಯ್ತು. ಇನ್ನು ಯಾರೂ ಅಂಗ್ಡಿ ಮುಂದ ಗಾಡಿ ನಿಲ್ಸಕ್ಕಿಲ್ಲ ಅಂತ ಎದ್ರಿ ಅಂಗಂದೆ."

ಅವನು ಎದ್ದು, ಗೋಡೆ ಹಿಡಿದು, ದಿಣ್ಣೆ ಇಳಿದು ಹೋದ. ಆ ರಾತ್ರಿಯಷ್ಟು ಗಾಢವಾದ ನಿದ್ದೆ ನನಗೆ ಮತ್ತೆಂದೂ ಬಂದಿಲ್ಲ.

ಮರುದಿನ ರಜೆ ಹಾಕಿ ಪಣಕಹಳ್ಳಿಗೆ ಬಸ್ಸು ಹತ್ತಿದೆ. ಡ್ರೈವರಣ್ಣ ಅಂಗಳದಲ್ಲಿ ಕಾಲು ನೀಡಿ ಕೂತು ಜೋಳದ ತೆನೆ ಬಿಡಿಸುತ್ತಿದ್ದ. ನನ್ನನ್ನು ಕಂಡು ಹೆಂಡತಿಗೆ ಮಜ್ಜಿಗೆ ತರಲು ಹೇಳಿದ. ಸುದ್ದಿ ನಿನ್ನೆಯೇ ಬಂತು, ಆ ಹೆಂಗಸರು ಒಂದು ಮಾತೂ ಬಿಡದೆ ಒಪ್ಪಿಸಿದರು ಎಂದ. ಜಗಲಿಯ ಮೇಲೆ ಕೂತು ಅವನ ಮುಂದಿನ ಮಾತಿಗೆ ಕಾದೆ. ಹೊಗಳುತ್ತಾನೆ ಎಂದೇ ಕಾದೆ, ಸುಳ್ಳೇಕೆ ಹೇಳಲಿ. ಅವನು ಇನ್ನೆರಡು ತೆನೆ ಬಿಡಿಸಿದ.

"ಅವ್ನು ಗಾಳಿ ಬುಡುವಾಗ ನೀವು ಅಲ್ಲೇ ನಿಂತಿದ್ರಾ ಸಿಸ್ಟರಮ್ಮ?"

"ನಿಂತಿದ್ದೆ... ಡಾಕ್ಟರು ಬೈದ್ರು ಅಣ್ಣ. ಅದ್ಕ ಸುಮ್ನಾದೆ."

"ನಾನು ಬೈತಿರ್ನಿಲ್ಲವಲ್ಲ" ಎಂದ.

ದನಿ ಏರಿಸಲಿಲ್ಲ. ಇನ್ನೊಂದು ತೆನೆ ಕೈಗೆತ್ತಿಕೊಂಡ. ಮಜ್ಜಿಗೆ ಬಂತು, ಕುಡಿದೆ. ಹೊರಟಾಗ ಗೋಡೆ ಹಿಡಿದು ಎದ್ದು ನಿಂತ. ಅಷ್ಟು ಕಷ್ಟಪಟ್ಟು ಏಳದೆ ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಊರಿನವರು ಅವನನ್ನು ಕುಡುಕ ಎನ್ನುವುದನ್ನು ಬಿಟ್ಟರಂತೆ. ಅಷ್ಟು ಮಾಡಿದೆ ಎಂಬ ಸಮಾಧಾನ ಇದೆ. ಕೆಲವು ವರ್ಷಗಳಲ್ಲಿ ಗಾಳಿಯವನು ಸತ್ತ. ಹೆಣ ನೋಡಲು ಹೋಗಲಿಲ್ಲ, ಮರುಕವೂ ಹುಟ್ಟಲಿಲ್ಲ. ಈಗಲೂ ಒಬ್ಬಳೇ ಇರುವಾಗ ಅವನನ್ನು ಬಾಯಿ ತುಂಬ ಬೈಯುತ್ತೇನೆ. ಬೈಗುಳ ಮುಗಿದು ಮನೆ ನಿಶ್ಶಬ್ದವಾದಾಗ ಡ್ರೈವರಣ್ಣನ ಆ ಒಂದು ಮಾತು ಕೇಳಿಸುತ್ತದೆ. ಆಗ ಮತ್ತೆ ಮೊದಲಿನಿಂದ ಬೈಯಲು ಶುರು ಮಾಡುತ್ತೇನೆ.

ಡ್ರೈವರಣ್ಣ ಹೋದ ಸುದ್ದಿಯನ್ನು ಕ್ಲಿನಿಕ್ಕಿಗೆ ಬಂದ ಒಬ್ಬ ರೋಗಿಯಿಂದ ಕೇಳಿದೆ. ಆ ಮಜ್ಜಿಗೆ ಕುಡಿದು ಬಂದ ಮೇಲೆ ಅವನು ಇನ್ನೂ ಹತ್ತು ವರ್ಷ ಬದುಕಿದ್ದ. ತಪ್ಪಾಯಿತು ಅಣ್ಣ ಎನ್ನಲು ಒಂದು ಗಳಿಗೆ ಸಾಕಿತ್ತು. ತಾಳವಾಡಿಯಿಂದ ಪಣಕಹಳ್ಳಿಗೆ ದಿನಾ ಬಸ್ಸಿತ್ತು. ನಾನು ಹತ್ತಲಿಲ್ಲ.