ನಾಲ್ಕು ಮಂದಿ ಮುಂದಿನ ಮಾಫಿ

ದಾಂಡೇಲಿ ಅಂಬೇವಾಡಿಯೊಳಗ ರೊಟ್ಟಿ ಶಂಕ್ರವ್ವನ ಮನಿ ಯಾವುದು ಅಂತ ಕೇಳಿದ್ರ ಸಣ್ಣ ಹುಡುಗ್ರು ಸುದ್ದಾ ಕೈ ಮಾಡಿ ತೋರಸ್ತಾವ. ಮುಂಡಗೋಡ ಕಡೆ ಹಳ್ಳಿಯಾಕಿ. ಗಂಡ ಸೋಮಪ್ಪ ಕಾಗದದ ಮಿಲ್ಲಿನ್ಯಾಗ ದುಡೀತಿದ್ದ. ಒಂದಿನ ಎದಿ ನೋವು ಅಂತ ಕುಂತಾವ ಮತ್ತ ಏಳಲಿಲ್ಲ. ಅತ್ತು ಮುಗಿಸಿ ಶಂಕ್ರವ್ವ ಒಲಿ ಮುಂದ ಕುಂತ್ಲು. ಇವತ್ತಿಗೂ ದಿನಾ ಮುನ್ನೂರು ಜ್ವಾಳದ ರೊಟ್ಟಿ ಬಡೀತಾಳ. ಜೋಯಿಡಾ ರಸ್ತೆ ರಿಸಾರ್ಟಿನವರು, ಕಾಳಿ ಹೊಳಿಯೊಳಗ ಬೋಟಿನ್ಯಾಗ ಕುಂದ್ರಾಕ ಬರೋ ಪ್ರವಾಸಿ ಮಂದಿ, ಎಲ್ಲಾರೂ ಆಕಿ ರೊಟ್ಟಿ ಮುರದವರ. ರೊಟ್ಟಿನೂ ಖಡಕ್ಕು, ಮಾತೂ ಖಡಕ್ಕು.

ಇಂಥಾಕಿ ಏಳು ವರ್ಷದಿಂದ ಒಂದು ಸಿಟ್ಟು ಹೊತಗೊಂಡು ತಿರಗಾಕತ್ತಿದ್ಲು. ಸುಮ್ಮಸುಮ್ಮನ ಬಂದ ಸಿಟ್ಟಲ್ರಿ ಅದು. ಮಗಳು ರಾಜಶ್ರೀ ಲಗ್ನ ಹಳಿಯಾಳದಾಗ ಆತು. ನಮ್ಮ ಕಡೆ ತಾಳಿ ಕಟ್ಟೂಕಿಂತ ಮೊದಲ ಅದನ್ನ ತಾಟಿನ್ಯಾಗ ಇಟ್ಟು ಮಂದಿ ನಡುವ ತರ್ತಾರ, ಹಿರೇರೆಲ್ಲಾ ಮುಟ್ಟಿ ಹರಸ್ತಾರ. ತಾಟು ಹೊಂಟ ಹೊತ್ತಿಗೆ ಸೋಮಪ್ಪನ ಅಣ್ಣ ಶಿವಲಿಂಗಪ್ಪ ನಾಲ್ಕುನೂರು ಮಂದಿ ಮುಂದ ದನಿ ಏರಿಸಿ, ಮುಂಡಿ ಕೈ ತಾಳಿಗಿ ಸೋಕಬಾರದು, ಒಳಗ ನಡಿ ಅಂದುಬಿಟ್ಟ. ಹೆತ್ತಾಕಿ ಅಡಗಿ ಖೋಲ್ಯಾಗ ಬದನಿಕಾಯಿ ಬುಟ್ಟಿ ಪಕ್ಕ ನಿಂತು ವಾಲಗ ಕೇಳಿದ್ಲು. ಮಗಳ ಕೊಳ್ಳಾಗ ತಾಳಿ ಬಿದ್ದದ್ದನ್ನ ಕಣ್ಣಿಂದ ನೋಡಲಿಲ್ಲ. ಅಲ್ರಿ, ಕೊಳ್ಳಾಗ ಲಿಂಗ ಕಟ್ಟಿಕೊಂಡ ಮಂದಿಗಿ ಎಂಥಾ ಮೈಲಿಗಿ? ಕೇಳೋ ಗಂಡಸು ಒಬ್ಬನೂ ಅಲ್ಲಿ ಇರಲಿಲ್ಲ.

ಆಮ್ಯಾಲೆ ಶುರುವಾತು ನೋಡ್ರಿ, ‘ಹೋಗ್ಲಿ ಬಿಡು’. ಊರಿಗೆಲ್ಲಾ ಅದೊಂದ ಔಷಧ. ಬಾಜೂಮನಿ ತಾಯವ್ವ ಅಂದ್ಲು, ದೊಡ್ಡಾವರು ಅದಾರ, ಬಿಟ್ಟುಬಿಡು. ಮಗಳೂ ಹಂಗ ಅಂದ್ಲು. ತುಳಿಸಿಕೊಂಡಾಕಿಗಿ ಹೋಗ್ಲಿ ಬಿಡು ಅನ್ನಾಕ ಎಲ್ಲಾರಿಗೂ ಬಾಯಿ ಐತಿ, ತುಳಿದಾವಗ ಒಂದು ಮಾತು ಅನ್ನಾಕ ಯಾರಿಗೂ ಇಲ್ಲ. ಅವನು ಬಂದು ಮಾಫಿ ಕೇಳೂ ಮಟ ಬಿಡಂಗಿಲ್ಲ ಅಂತ ಶಂಕ್ರವ್ವ ಹಿಟ್ಟು ನಾದಕೋಂತ ಹೇಳತಿದ್ಲು.

ಹೋದ ದಸರಾದಾಗ ಸಂಜಿ ಮುಂದ ಶಿವಲಿಂಗಪ್ಪ ಹಳಿಯಾಳ ಬಸ್ಸಿಂದ ಇಳಿದು ಬಾಗಲಿಗಿ ಬಂದ. ಕೈಯಾಗ ಬನ್ನಿ. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂದ್ರ ಹಳೇ ಜಗಳ ಮುಗೀಬೇಕು, ಅದು ರೂಢಿ. ಆತನ ಸಣ್ಣ ಮಗಳು ಜ್ಯೋತಿದು ಲಗ್ನ ಗೊತ್ತಾಗಿತ್ತು. ಚಿಗವ್ವ ಬರದಿದ್ರ ನಾ ತಾಳಿ ಕಟ್ಟಿಸಿಕೊಳ್ಳಂಗಿಲ್ಲ ಅಂತ ಹುಡುಗಿ ಹಟಾ ಹಿಡಿದಿದ್ಲಂತ. ನೀವಾಗೇ ಬಂದ್ರೋ ಹುಡುಗಿ ಕಳಿಸಿದ್ಲೋ ಅಂತ ಶಂಕ್ರವ್ವ ಸೀದಾ ಕೇಳಿದ್ಲು.

“ಹುಡುಗಿ ಕಳಿಸಿದ್ಲು,” ಅಂದ ಆತ. “ಬಸ್ಸಿನ್ಯಾಗ ಕುಂತ ಮ್ಯಾಲೆ ನಾನಾಗೇ ಬಂದೆ. ತಪ್ಪಾತು ತಂಗಿ.” ಆತನ ಕಣ್ಣಾಗ ನೀರು ಬಂದಿತ್ತು.

ಏಳು ವರ್ಷ ರೊಟ್ಟಿ ಬಡಕೋಂತ ಜೋಡಿಸಿಟ್ಟಿದ್ದ ಬೈಗಳದಾಗ ಒಂದೂ ನಾಲಗಿಗಿ ಬರಲಿಲ್ಲ. ಎದಿಯೊಳಗ ಏನೋ ಸಡಲಾತು. ಹಂಗ ಸಡಲಾದದ್ದಕ್ಕ ಆಕಿಗಿ ತನ್ನ ಮ್ಯಾಲೇ ಸಿಟ್ಟು ಬಂತು. ಬನ್ನಿ ತಗೊಂಡ್ಲು, ಚಾ ಕೊಟ್ಲು. ಆದ್ರ ಹೋಗೂವಾಗ ಒಂದು ಮಾತು ಹೇಳಿ ಕಳಿಸಿದ್ಲು: ಬೈದದ್ದು ನಾಲ್ಕು ಮಂದಿ ಮುಂದ, ತಪ್ಪಾತು ಅನ್ನೂದು ನನ್ನ ಒಲಿ ಮುಂದ, ಇದ್ಯಾವ ನ್ಯಾಯರಿ? ಲಗ್ನದಾಗ ಮಂದಿ ಮುಂದ ಹೇಳ್ರಿ. ಆತ ತಲಿ ಕೆಳಗ ಹಾಕಿ ಹೂಂ ಅಂದ.

ಲಗ್ನದ ದಿನ ಶಂಕ್ರವ್ವ ಇಳಕಲ್ ಸೀರಿ ಉಟ್ಟು ಮುಂದಿನ ಸಾಲಿನ ಕುರ್ಚಿ ಹಿಡಿದ್ಲು. ಶಿವಲಿಂಗಪ್ಪ ಮೈಕ್ ತಗೊಂಡ. ಆಕಿ ಜೀವ ಕಿವಿಗಿ ಬಂತು. ಆತ ಗಂಟಲ ಸರಿ ಮಾಡಿಕೊಂಡು, ಎಲ್ಲಾರೂ ಊಟ ಮಾಡಿಕೊಂಡು ಹೋಗಬೇಕ್ರಿ ಅಂದು ಮೈಕ್ ಇಟ್ಟುಬಿಟ್ಟ. ಹೇಡಿ ನನ್ನ ಮಗ! ಹೊಸಾ ಬೀಗರ ಮುಂದ ಮಾನ ಹೋದೀತು ಅನ್ನೂ ಅಂಜಿಕಿ ಆತಗ.

ತಾಳಿ ತಾಟು ಹೊಂಟಿತು. ಹಿಡಿದಾಕಿ ಶಿವಲಿಂಗಪ್ಪನ ಸೊಸಿ ಅನ್ನಪೂರ್ಣಾ. ಶಂಕ್ರವ್ವನ ಮುಂದ ಬಂದಾಗ ತಾಟನ್ನ ಸ್ವಲ್ಪ ಆಕಡೆ ತಿರುಗಿಸಿದ್ಲು. ಎದ್ದು ಹೋಗಿಬಿಡಬೇಕು ಅನಿಸಿತು ಶಂಕ್ರವ್ವಗ. ಭಾವನ ಮಾರಿ ಮ್ಯಾಲೆ ಉಗುಳಿ ಹೋಗಬೇಕು ಅನಿಸಿತು. ಆದ್ರ ದಸರಾ ಸಂಜಿ ಆತನ ಕಣ್ಣಾಗಿನ ನೀರು ಆಕಿ ನೋಡಿದ್ಲು, ಅದು ಸುಳ್ಳಲ್ಲ. ಮಾಫ್ ಮಾಡೂದು ತನ್ನ ಕೈಯಾಗ ಐತಿ, ಅವನಿಗಿ ಧೈರ್ಯ ಬರೂ ಮಟ ಯಾಕ ಕಾಯಬೇಕು? ಎದ್ದು ನಿಂತು, ತಾಟು ತಡೆದು, ತಾಳಿ ಮ್ಯಾಲೆ ಕೈ ಇಟ್ಲು. ಆಕಿ ದನಿಗಿ ಮೈಕ್ ಬೇಕಾಗಿರಲಿಲ್ಲ.

“ಭಾವಾರ, ನೀವು ನನಗ ಮಾಡಿದ್ದನ್ನ ನಾ ಮಾಫ್ ಮಾಡೇನ್ರಿ. ಮಾಫ್ ಮಾಡಿದಾಕಿ ಇಲ್ಲೇ ಮುಂದ ನಿಂದರ್ತಾಳ. ಒಳಗ ಹೋಗಂಗಿಲ್ಲ.”

ವಾಲಗ ನಿಂತಿತು. ಅಂಥಾದ್ದೇನು ಮಾಡಿದ್ರಿ ಬೀಗರ ಅಂತ ಗಂಡಿನ ಕಡೆ ಹಿರಿಯ ಮಹಾಬಳೇಶ್ವರಪ್ಪ ಕೇಳಿದ. ಶಂಕ್ರವ್ವ ತುಟಿ ಬಿಚ್ಚಲಿಲ್ಲ. ಅದು ಆಕಿ ಹೇಳೂ ಮಾತಲ್ಲ. ಕೈನೂ ತಗೀಲಿಲ್ಲ. ತಾಟು ಮುಂದ ಹೋಗವಲ್ತು, ಲಗ್ನ ಮುಂದ ಸಾಗವಲ್ತು. ಮದುಮಗಳು ಜ್ಯೋತಿ ತಲಿ ಎತ್ತಿ ಅಪ್ಪನ್ನ ನೋಡಾಕತ್ತಿದ್ಲು.

ಶಿವಲಿಂಗಪ್ಪ ತಲಿ ಮ್ಯಾಲಿನ ಟೋಪಿ ತಗದ. ಮೈಕ್ ಮುಟ್ಟಲಿಲ್ಲ, ಆದ್ರೂ ಎಲ್ಲಾರಿಗೂ ಕೇಳಿಸಿತು.

“ಹೆತ್ತ ಮಗಳ ಲಗ್ನ ಇಕಿಗಿ ನೋಡಾಕ ಬಿಡಲಿಲ್ಲರಿ ನಾನು.”