ಗೇಟಿನಲ್ಲಿ ಕೇಳಿದ ಪ್ರೂಫ್

ಮೂವತ್ತು ವರ್ಷ ಪತ್ರಿಕೆಯಲ್ಲಿ ಕಂಡವರ ತಪ್ಪು ತಿದ್ದಿದ ಮೇಲೆ ನನ್ನ ಸಂಪಾದಕೀಯಗಳೂ ಒಂದು ಪುಸ್ತಕವಾಗುವ ಹೊತ್ತು ಬಂತು. ಕೊನೆಯ ಪ್ರೂಫನ್ನು ನಾನೇ ನಾಲ್ಕು ಸಲ ಓದಿ, ‘ಅಚ್ಚಿಗೆ ಹೋಗಬಹುದು’ ಎಂದು ಸಹಿ ಹಾಕಿ, ಪೀಣ್ಯದ ಪ್ರೆಸ್ಸಿಗೆ ತೆಗೆದುಕೊಂಡು ಹೋದೆ.

ಗೇಟಿನಲ್ಲಿ ಸೆಕ್ಯುರಿಟಿಯವರು, “ಪ್ರೂಫ್ ತೋರ್ಸಿ ಸಾರ್” ಅಂದರು. ಖುಷಿಯಿಂದ ಕಟ್ಟು ಬಿಚ್ಚಿ ಕೊಟ್ಟೆ.

“ಇದಲ್ಲ ಸಾರ್, ಆಧಾರ್.”

ಅದನ್ನೂ ಕೊಟ್ಟೆ. ಅವರು ಕಾರ್ಡನ್ನು ಪುಸ್ತಕದ ಮೊದಲ ಪುಟದ ಪಕ್ಕದಲ್ಲಿಟ್ಟು, ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

“ಈ ಬುಕ್ ಬರ್ದಿರೋರು ಯಾರು?”

“ನಾನೇ.”

“ಅಂಗಾದ್ರೆ ಈ ಕಾರ್ಡು ಯಾರ್ದು? ಇದ್ರಲ್ಲಿ ಹೆಸ್ರಿಗೆ ಸೊನ್ನೆ ಐತೆ. ಬುಕ್ಕಲ್ಲಿಲ್ಲ.”

ನೋಡಿದೆ. ನನ್ನ ಹೆಸರಿನ ನಡುವಿನ ಸೊನ್ನೆ ನಿಜಕ್ಕೂ ಬಿಟ್ಟುಹೋಗಿತ್ತು. ಮುನ್ನೂರು ಪುಟದಲ್ಲಿ ಅಲ್ಪವಿರಾಮ ಹುಡುಕಿದವನು ಸ್ವಂತ ಹೆಸರನ್ನು ಒಂದು ಸಲವೂ ಓದಿರಲಿಲ್ಲ. ಅವರ ಪೆನ್ನನ್ನೇ ಇಸಿದುಕೊಂಡು ಅಲ್ಲೇ ಸೊನ್ನೆ ಹಾಕಿದೆ.

“ಈಗ ಮ್ಯಾಚ್ ಆಯ್ತು, ಒಳಗ್ ಹೋಗಿ ಸಾರ್.”

ಕೃತಜ್ಞತೆಯ ಪುಟಕ್ಕೆ ಅವರನ್ನೂ ಸೇರಿಸೋಣ ಅನ್ನಿಸಿ ಹೆಸರು ಕೇಳಿದೆ. ಹೇಳಿದರು. ಪೆನ್ನು ವಾಪಸ್ ಕೊಟ್ಟು, “ಹೆಸರು ಮಾತ್ರ ನೀವೇ ಬರೆದುಬಿಡಿ” ಅಂದೆ.